ಬಿರುಕು ಮುಚ್ಚಿದ ತೊಲೆಗಲ್ಲು

ಹಿರಿಯ ಭಿಕ್ಷುಗಳಾದ ಪೂಜ್ಯ ಖೇಮದತ್ತ ಸ್ಥವಿರರು ಭೀಮಾತೀರದ ಸಣ್ಣದೊಂದು ವಿಹಾರದಲ್ಲಿ ವಾಸವಾಗಿದ್ದ ಕಾಲ. ಹುಲ್ಲಿನ ಕುಟಿ, ಒಂದು ಭಿಕ್ಷಾಪಾತ್ರೆ, ತೇಪೆ ಹಾಕಿದ ಚೀವರ. ಅವರ ಆಸ್ತಿಯೆಂದರೆ ಅಷ್ಟೇ. ಆ ವರ್ಷ ವಿಹಾರದ ಸ್ತೂಪಕ್ಕೆ ಹೊಸ ಕಲ್ಲಿನ ದ್ವಾರ ಎದ್ದಿತ್ತು. ವೈಶಾಖ ಹುಣ್ಣಿಮೆಯಂದು ಭಕ್ತರೆಲ್ಲ ಅದರಡಿಯಲ್ಲಿ ಹಾದು ಪ್ರದಕ್ಷಿಣೆಗೆ ಹೋಗುವುದೆಂದು ನಿಶ್ಚಯವಾಗಿತ್ತು.

ದ್ವಾರ ಕಡೆದವನು ಶಿಲ್ಪಿ ನಂದಿಕ. ಮೇಲಿನ ತೊಲೆಗಲ್ಲನ್ನು ಏರಿಸಿದ ಬಳಿಕ, ರೂಢಿಯಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಗಟ್ಟಿ ಕಲ್ಲು ಕಂಚಿನಂತೆ ದನಿಗೊಡಬೇಕು. ಇದು ಒಡಕು ಮಡಕೆಯ ಸದ್ದು ಮಾಡಿತು. ಕಣ್ಣಿಟ್ಟು ನೋಡಿದರೆ ಕೂದಲೆಳೆಯಷ್ಟು ಬಿರುಕು. ಹೇಳಿದರೆ ಶಿಲ್ಪಿಗಳ ಸಂಘವಾದ ಶ್ರೇಣಿ ಅವನ ಮುಖ್ಯಶಿಲ್ಪಿಯ ಸ್ಥಾನವನ್ನು ಕಿತ್ತುಕೊಳ್ಳುವುದು ಖಂಡಿತ. ಯಾರೂ ಇಲ್ಲದಾಗ ಸುಣ್ಣ, ಕಲ್ಲುಪುಡಿ ಮೆತ್ತಿ, ಮೇಲೊಂದು ತಾವರೆಬಳ್ಳಿ ಬರೆದುಬಿಟ್ಟ. ನೋಡಿದವರೆಲ್ಲ ಆ ಬಳ್ಳಿಯನ್ನೇ ಹೊಗಳಿದರು!

ಅಂದಿನಿಂದ ಅವನಿಗೆ ಯಾರಾದರೂ ದ್ವಾರದತ್ತ ತಲೆಯೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಹುಣ್ಣಿಮೆಯ ಮುನ್ನಾದಿನ ಬೆಳಿಗ್ಗೆ ತಡೆಯಲಾರದೆ ಸ್ಥವಿರರ ಬಳಿ ಓಡಿದ. ಹೊಸ್ತಿಲಲ್ಲಿ ಕುಳಿತು ಚೀವರ ಹೊಲಿಯುತ್ತಿದ್ದ ಅವರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದ.

"ಭಂತೇ, ಆ ಕಲ್ಲು ನೂರು ವರ್ಷ ನಿಂತರೂ ನಿಂತೀತು. ನಾನು ಯಾರಿಗೂ ಕೇಡು ಬಯಸಿದವನಲ್ಲ. ಮನಸ್ಸೇ ಮುಖ್ಯವೆಂದು ತಾವೇ ಹೇಳುತ್ತೀರಿ. ಸುಮ್ಮನಿದ್ದರೆ ತಪ್ಪೇನು?"

ಮಾತೇನೋ ಚೆನ್ನಾಗಿತ್ತು, ಆಡಿದವನು ಮಾತ್ರ ದ್ವಾರದತ್ತ ತಿರುಗಿ ತಿರುಗಿ ನೋಡುತ್ತಿದ್ದ.

ಸ್ಥವಿರರು ಸೂಜಿಯನ್ನು ಬದಿಗಿಟ್ಟರು. "ನಾಳೆಯ ಉಪದೇಶಕ್ಕೆ ನನ್ನ ಆಸನವನ್ನು ಆ ದ್ವಾರದಡಿಯಲ್ಲೇ ಹಾಕಿಸೋಣವೇ, ನಂದಿಕ?"

"ಬೇಡ ಭಂತೇ, ಖಂಡಿತ ಬೇಡ!" ಅವನು ಅವರ ಕಾಲು ಹಿಡಿದುಕೊಂಡ.

"ಮನಸ್ಸು ಹೇಳಿಬಿಟ್ಟಿತಲ್ಲಪ್ಪ. ನನಗೆ ಆಗದ ಜಾಗ ಉಳಿದವರಿಗೆ ಹೇಗೆ ಆದೀತು?"

ನಂದಿಕ ಬಿಕ್ಕಿ ಬಿಕ್ಕಿ ಅತ್ತ. ಅಲ್ಲಿಂದ ನೇರ ಶ್ರೇಣಿಯ ಹಿರಿಯರ ಮುಂದೆ ನಿಂತು ತಪ್ಪೊಪ್ಪಿಕೊಂಡ. ಅವನು ಹೆದರಿದಂತೆಯೇ ಆಯಿತು. ಮುಖ್ಯಸ್ಥಾನ ಅಂದೇ ಹೋಯಿತು. ಆದರೆ ತೊಲೆಗಲ್ಲನ್ನು ಇಳಿಸಲು ದಿನ ಉಳಿದಿರಲಿಲ್ಲ.

ಹುಣ್ಣಿಮೆಯ ಮುಂಜಾನೆ ಜನ ಬರುವ ಮೊದಲೇ ಅವನು ದ್ವಾರದೆದುರು ಬಂದು ನಿಂತ. "ಈ ಕಡೆ ಬೇಡ ತಾಯಿ, ಬಳಸಿಕೊಂಡು ಹೋಗಿ. ಕಲ್ಲು ಬಿರುಕು ಬಿಟ್ಟಿದೆ. ಗೊತ್ತಿದ್ದೂ ಮುಚ್ಚಿದವನು ನಾನೇ." ಕೆಲವರು ನಕ್ಕರು, ಕೆಲವರು ಛೀಮಾರಿ ಹಾಕಿದರು. ಸ್ಥವಿರರೂ ಬಂದರು, ಅವರಿಗೂ ಅದೇ ಮಾತು ಹೇಳಿದ. ಅವರು ತಲೆದೂಗಿ ಬಳಸಿಕೊಂಡೇ ಹೋದರು. ಸಂಜೆಯ ಹೊತ್ತಿಗೆ ನಂದಿಕನ ದನಿ ಪೂರ್ತಿ ಬಿದ್ದುಹೋಗಿತ್ತು. ಆಗಲೂ ಅವನು ಕಲ್ಲನ್ನು ತೋರಿಸಿ, ತನ್ನೆದೆಯನ್ನು ಮುಟ್ಟಿಕೊಂಡು, ಬಂದವರಿಗೆಲ್ಲ ಕೈಮುಗಿದು ದಾರಿ ತೋರುತ್ತಿದ್ದ.