ಗುಡ್ಡ ಹತ್ತಿದ ಧೂಪದ ಮರ

"ಸಂಶಯಪಡುವವನಿಗೆ ನಷ್ಟವೇನು ಗುರುಗಳೇ?" ಎಂದು ಚೆನ್ನಮಲ್ಲ ಕೇಳಿದ. "ನಂಬಿದವನಿಗೆ ಯಾರು ಬೇಕಾದರೂ ಟೋಪಿ ಹಾಕಬಹುದು. ಸಂಶಯಪಡುವವನಿಗೆ ಮೋಸ ಮಾಡುವುದು ಯಾರಿಂದಲೂ ಆಗದು. ಹೆಚ್ಚೆಂದರೆ ಅವನ ಸಂಶಯ ಸುಳ್ಳಾದೀತು, ಅಷ್ಟೇ ಅಲ್ಲವೇ?"

ಚೆನ್ನಮಲ್ಲ ಮಠದ ತೋಟ ನೋಡಿಕೊಳ್ಳುವ ಶಿಷ್ಯ. ಹೊಸದಾಗಿ ಬಂದ ಇನ್ನೊಬ್ಬ ಶಿಷ್ಯ ತೋಟದ ಕಡೆ ಸುಳಿಯುವುದನ್ನು ಅವನು ಒಂದು ವಾರದಿಂದ ಕಣ್ಣಿಟ್ಟು ನೋಡುತ್ತಿದ್ದ. ಗುರುಗಳಿಗೆ ಇದು ಗೊತ್ತಿತ್ತು. ಆದರೂ ಅವರು ಆ ಸುದ್ದಿ ಎತ್ತಲಿಲ್ಲ. ಒಂದು ಕತೆ ಹೇಳಿದರು.

ಒಂದು ಗುಡ್ಡದ ಬುಡದಲ್ಲಿ ದೇವರಕಾಡು ಇತ್ತು. ಅದರ ತುಂಬ ಧೂಪದ ಮರಗಳು. ಮರದ ಅಂಟನ್ನು ಒಣಗಿಸಿ, ಕೆಂಡಕ್ಕೆ ಹಾಕಿ, ಕಾಡಿನ ಗುಡಿಯ ಅಮ್ಮನಿಗೆ ಹೊಗೆ ತೋರಿಸುವುದೇ ಅಲ್ಲಿನ ಪೂಜೆ. ಆ ಸೀಮೆಯಲ್ಲಿ ಹಿಂದಿನಿಂದ ಒಂದು ಕಟ್ಟು ನಡೆದುಬಂದಿತ್ತು. ಧೂಪದ ಮರ ಎಲ್ಲಿ ನಿಂತಿದೆಯೋ ಅದು ಅಮ್ಮನ ನೆಲ. ಅಲ್ಲಿ ನೇಗಿಲು ಹೂಡುವಂತಿಲ್ಲ, ದನ ಬಿಡುವಂತಿಲ್ಲ. ಸಸಿ ಆಳೆತ್ತರ ದಾಟಿತೆಂದರೆ ಮುಗಿಯಿತು, ಅದರ ನೆರಳು ಬೀಳುವಷ್ಟು ನೆಲ ಅಮ್ಮನ ಪಾಲು. ಈ ಕಟ್ಟನ್ನು ಯಾರೂ ಮುರಿದಿರಲಿಲ್ಲ. ಮುರಿಯುವ ಅಗತ್ಯವೂ ಬಿದ್ದಿರಲಿಲ್ಲ, ಏಕೆಂದರೆ ಧೂಪದ ಮರಗಳು ದೇವರಕಾಡು ಬಿಟ್ಟು ಬೇರೆಲ್ಲೂ ಬೆಳೆದದ್ದಿಲ್ಲ.

ಗುಡ್ಡದ ಮೇಲೆ, ನೆತ್ತಿಗೆ ಸ್ವಲ್ಪ ಕೆಳಗೆ, ಒಬ್ಬ ರೈತನಿದ್ದ. ಒಂದಷ್ಟು ರಾಗಿಹೊಲ, ಅದರ ಪಕ್ಕಕ್ಕೆ ದನ ಮೇಯುವ ಇಳಿಜಾರು. ಅವನಿಗಿದ್ದದ್ದು ಅಷ್ಟೇ. ಒಳ್ಳೆಯ ದುಡಿಮೆಗಾರ, ಯಾರ ತಂಟೆಗೂ ಹೋಗುವವನಲ್ಲ. ಯಾರಾದರೂ ತನ್ನ ತಂಟೆಗೆ ಬಂದಾರು ಎಂಬ ಯೋಚನೆ ಮಾತ್ರ ಅವನನ್ನು ಎಂದೂ ಬಿಟ್ಟಿರಲಿಲ್ಲ.

ಒಂದು ಮಳೆಗಾಲ ಇಳಿಜಾರಿನ ಅಂಚಿನಲ್ಲಿ ಅವನಿಗೆ ಒಂದು ಸಸಿ ಕಂಡಿತು. ಮೊಣಕಾಲೆತ್ತರ. ಎಲೆ ಕಿತ್ತು ಉಜ್ಜಿ ಮೂಸಿದ. ಗುಡಿಯ ವಾಸನೆ. ಇದು ತಾನಾಗಿ ಬಂದದ್ದಲ್ಲ, ಯಾರೋ ತಂದು ನೆಟ್ಟದ್ದು ಎಂದು ಅವನಿಗೆ ಆ ಕ್ಷಣವೇ ಖಾತ್ರಿಯಾಯಿತು. ಯಾರು ನೆಟ್ಟಾರು? ಮರ ಬೆಳೆದರೆ ನೆಲ ಯಾರಿಗೆ ಸೇರುತ್ತದೋ ಅವರೇ. ಅಮ್ಮ ಬಂದು ನೆಡುವುದಿಲ್ಲ. ಅಮ್ಮನ ಹೆಸರಿನಲ್ಲಿ ಕಾಡು ಕಾಯುವವನು ಕೆಳಗಿನ ಪೂಜಾರಿ. ರೈತ ಸಸಿಯನ್ನು ಬೇರುಸಮೇತ ಕಿತ್ತ.

ಮರುವರ್ಷ ಏಳು ಸಸಿ ಇದ್ದವು. ಅದರ ಮರುವರ್ಷ ಇಳಿಜಾರಿನ ಉದ್ದಕ್ಕೂ ಅಲ್ಲಲ್ಲಿ ಮೂವತ್ತಕ್ಕೂ ಹೆಚ್ಚು. ರೈತ ಒಂದನ್ನೂ ಬಿಡಲಿಲ್ಲ. ತುದಿ ಮುರಿದು ಸುಮ್ಮನಾಗುವ ಆಸಾಮಿ ಅವನಲ್ಲ. ಗುದ್ದಲಿ ಹಾಕಿ, ತಾಯಿಬೇರು ಹಿಡಿದು ಎಳೆದು, ಮನೆಗೆ ತಂದು ಒಣಗಿಸಿ ಬಚ್ಚಲೊಲೆಗೆ ಹಾಕುತ್ತಿದ್ದ. ಸ್ನಾನದ ನೀರಿಗೆಲ್ಲ ಧೂಪದ ಘಮ ಹತ್ತುತ್ತಿತ್ತು. ಅವನ ಹೆಂಡತಿಗೆ ಅದು ಸರಿಬರಲಿಲ್ಲ.

"ಏನೂಂದ್ರೆ, ಪೂಜಾರಪ್ಪಂಗೆ ಮಂಡಿ ನೋವು. ಗುಡಿ ಮೆಟ್ಲು ಹತ್ತೋದೇ ಕಷ್ಟ. ನಮ್ಮ ಗುಡ್ಡ ಹತ್ತಿ ಬಂದು ಸಸಿ ನೆಡ್ತಾನಾ?" ಎಂದಳು.

"ಮಂಡಿ ನೋವು ಮಂಡಿ ನೋವು ಅಂತ ಊರೆಲ್ಲ ಸಾರ್ಕೊಂಡು ತಿರುಗ್ತಾನಲ್ಲ, ಅದ್ಯಾಕೆ ಅಂತ ಯೋಚನೆ ಮಾಡಿದೀಯಾ?"

"ಹಕ್ಕಿ ಹಾಕಿರಬೋದು. ಆ ದೊಡ್ಡ ಕೊಕ್ಕಿನ ಮಂಗಟ್ಟೆಗಳು ಧೂಪದ ಹಣ್ಣು ತಿಂದ್ಕೊಂಡು ದಿನಾ ಈ ಕಡೆಗೇ ಹಾರಿ ಬರ್ತವೆ."

"ಹಕ್ಕಿ ಹಾಕಿದ್ರೆ ದಾರಿ ಉದ್ದಕ್ಕೂ ಹುಟ್ಟಬೇಕಿತ್ತಲ್ಲ! ಬುಡದಲ್ಲಿ ಒಂದೂ ಇಲ್ಲ, ನಡುಗುಡ್ಡದಲ್ಲಿ ಒಂದೂ ಇಲ್ಲ. ನನ್ನ ನೆಲಾನೇ ಹುಡುಕ್ಕೊಂಡು ಬಂದು ಬೀಜ ಉಗುಳೋಕೆ ಆ ಹಕ್ಕಿಗೆ ನಾನೇನು ಬೀಗನಾ?"

ನಿಜ ಹೇಳಬೇಕೆಂದರೆ ರೈತ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಹೆಡ್ಡನ ಸಂಶಯವನ್ನು ಹೇಗೋ ಬಿಡಿಸಬಹುದು. ಜಾಣನದನ್ನು ಬಿಡಿಸುವುದು ಕಷ್ಟ.

ಮುಂದಿನ ಮಳೆಗಾಲಕ್ಕೆ ಮೊದಲೇ ರೈತ ಇಳಿಜಾರಿನ ಕಾಲುದಾರಿಯನ್ನು ಗುಡಿಸಿ, ಜರಡಿ ಹಿಡಿದ ನುಣ್ಣನೆ ಮಣ್ಣನ್ನು ಹರಡಿದ. ಬೆಳಗಾದರೆ ಬಗ್ಗಿ ನೋಡುವುದು. ಮುಳ್ಳುಹಂದಿಯ ಗುರುತು ಇತ್ತು, ಕಾಡುಕೋಳಿಯ ಗುರುತು ಇತ್ತು. ಮನುಷ್ಯನ ಹೆಜ್ಜೆ ಒಂದೂ ಇರಲಿಲ್ಲ. ಬೇರೆಯವನಾಗಿದ್ದರೆ ಯಾರೂ ಬಂದಿಲ್ಲ ಎಂದುಕೊಳ್ಳುತ್ತಿದ್ದ. ರೈತ ಹಾಗೆ ಅಂದುಕೊಳ್ಳಲಿಲ್ಲ. ಬಂದವನು ಸೊಪ್ಪಿನಿಂದ ಹೆಜ್ಜೆ ಒರೆಸಿಕೊಂಡು ಹೋಗಿದ್ದಾನೆ ಎಂದುಕೊಂಡ. ತಪ್ಪು ಮಾಡದವನಾದರೆ ಹೆಜ್ಜೆ ಒರೆಸುವ ದರ್ದು ಅವನಿಗೇನಿತ್ತು? ಅಂದಿನಿಂದ ಅವನ ಸಂಶಯ ಇಮ್ಮಡಿಯಾಯಿತು.

ಒಂದು ದಿನ ಸಂತೆಯಲ್ಲಿ ಪೂಜಾರಿ ಎದುರಾದ. ರೈತ ತಡೆದು ನಿಲ್ಲಿಸಿದ.

"ಪೂಜಾರಪ್ಪ, ಸಸಿ ನೆಡೋದು ಇಲ್ಲಿಗೆ ನಿಲ್ಸಿ. ನನ್ನ ನೆಲ ನುಂಗೋಕೆ ಅಮ್ಮನ ಹೆಸರು ಬೇಡ."

ಪೂಜಾರಿಯ ಮುಖ ಕೆಂಪಾಯಿತು. "ನಾನು ನೆಡೋದಾ? ನಮ್ಮ ಕಾಡಲ್ಲೇ ವರ್ಷಗಟ್ಲೆಯಿಂದ ಒಂದು ಸಸಿ ನಿಂತಿಲ್ಲ. ಮಳೇಲಿ ಎರಡೆಲೆ ಬಿಡ್ತವೆ, ಶಿವರಾತ್ರಿ ಹೊತ್ಗೆ ಸುಟ್ಟೋಗ್ತವೆ. ಬಲಿತ ಬೀಜಾನೆಲ್ಲ ಆರಿಸ್ಕೊಂಡು ಹೋಗಿ, ಜೊಳ್ಳು ನಮಗೆ ಬಿಟ್ಟು, ಮೇಲೆ ಧೂಪದ ತೋಟ ಮಾಡ್ತಿರೋನು ನೀನು. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ ಗೌಡ?"

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡ ರೈತ. ಪೂಜಾರಿಯೂ ಅದನ್ನೇ ಅಂದುಕೊಂಡಿರಬೇಕು. ಮಾತಿಗೆ ಮಾತು ಬೆಳೆದು, ಊರಿನ ಹಿರಿಯರು ಸೇರಿ, ಇಬ್ಬರನ್ನೂ ಅಮ್ಮನ ಮುಂದೆ ನಿಲ್ಲಿಸಿದರು. ಉರಿಯುವ ಧೂಪದ ಹೊಗೆಗೆ ಕೈಯೊಡ್ಡಿ ಆಣೆ ಮಾಡಬೇಕು. ಸುಳ್ಳಾಡಿದವನ ಮನೆಗೆ ಕೇಡು ತಪ್ಪದು. ನಾನು ಒಂದು ಸಸಿಯನ್ನೂ ನೆಟ್ಟಿಲ್ಲ ಎಂದು ಪೂಜಾರಿ ಆಣೆ ಮಾಡಿದ. ನಾನು ಒಂದು ಬೀಜವನ್ನೂ ಕದ್ದಿಲ್ಲ ಎಂದು ರೈತ ಆಣೆ ಮಾಡಿದ. ಆ ಗುಡಿಯಲ್ಲಿ ಅಷ್ಟು ಶುದ್ಧವಾದ ಎರಡು ಆಣೆಗಳು ಒಂದೇ ದಿನ ಹಿಂದೆಂದೂ ನಡೆದಿರಲಿಲ್ಲ. ಒಬ್ಬನ ಆಣೆಯನ್ನು ಇನ್ನೊಬ್ಬ ನಂಬಲಿಲ್ಲ.

ಅಲ್ಲಿಂದ ಮುಂದೆ ಇಬ್ಬರಿಗೂ ಒಂದೇ ಕೆಲಸವಾಯಿತು, ಎದುರಾಳಿಯ ಮನೆಗೆ ಕೇಡು ಬರುವುದನ್ನು ಕಾಯುವುದು. ಪೂಜಾರಿಯ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿದಾಗ ಅಮ್ಮ ಕಣ್ಣುಬಿಟ್ಟಳು ಎಂದ ರೈತ. ಮರುವರ್ಷ ಮಳೆಗೆ ರೈತನ ಕೊಟ್ಟಿಗೆಯ ಗೋಡೆ ಕುಸಿದಾಗ ಪೂಜಾರಿ ಗುಡಿಯಲ್ಲಿ ಹಣ್ಣುಕಾಯಿ ಮಾಡಿದನಂತೆ. ಕೇಡು ಯಾರ ಮನೆಗೆ ಬಾರದೆ ಇರುತ್ತದೆ? ಕಾಯುತ್ತ ಕುಳಿತವನಿಗೆ ಸಾಕ್ಷಿಯ ಬರ ಎಂದೂ ಬಂದಿಲ್ಲ.

ಈ ನಡುವೆ ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿತ್ತು. ಅದು ರೈತನ ಕಣ್ಣಿಗೂ ಬಿದ್ದಿತ್ತು. ಮಾವು ತಿಂಗಳು ಮೊದಲೇ ಹೂ ಬಿಡುತ್ತಿತ್ತು. ಹಿಂದೆಲ್ಲ ದೇವರಕಾಡಿನವರೆಗೂ ಇಳಿಯುತ್ತಿದ್ದ ಮಂಜು ಈಗ ಅವನ ಇಳಿಜಾರಿನಲ್ಲೇ ನಿಂತು, ಅಲ್ಲೇ ಕರಗುತ್ತಿತ್ತು. ಸಂತೆಗೆ ಇಳಿದರೆ ಬೆವರಿಗೆ ಅಂಗಿ ಒದ್ದೆಯಾಗುತ್ತಿತ್ತು, ಮನೆಗೆ ಹತ್ತಿದರೆ ಆರುತ್ತಿತ್ತು. ಇದನ್ನೆಲ್ಲ ಅವನು ನೋಡಿದ, ನೋಡಿ ಮರೆತ. ಅದರಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ. ಬಿಸಿಲಿಗೆ ಯಾರ ಜಮೀನಿನ ಆಸೆಯೂ ಇರುವುದಿಲ್ಲವಲ್ಲ.

ಹೀಗೆ ಹನ್ನೆರಡು ಮಳೆಗಾಲ ಕಳೆದವು. ಪ್ರತಿ ವರ್ಷ ಸಸಿಗಳು ಹುಟ್ಟಿದವು, ಪ್ರತಿ ವರ್ಷ ರೈತ ಕಿತ್ತ. ಕೆಳಗೆ ದೇವರಕಾಡಿನ ಹಳೆಯ ಮರಗಳು ತುದಿಯಿಂದ ಒಣಗುತ್ತ ಬಂದವು. ಒಂದೊಂದು ಗಾಳಿಗೆ ಒಂದೆರಡು ಉರುಳುತ್ತಿದ್ದವು. ಬಿದ್ದ ಮರದ ಜಾಗದಲ್ಲಿ ಮುಳ್ಳುಪೊದೆ ಎದ್ದಿತು.

ಹದಿಮೂರನೆಯ ವರ್ಷ ಇಳಿಜಾರಿನಲ್ಲಿ ಒಂದೂ ಸಸಿ ಹುಟ್ಟಲಿಲ್ಲ.

ರೈತ ನಂಬಲಿಲ್ಲ. ಇದೇನೋ ಹೊಸ ಹೂಟ ಎಂದು ಮೂರು ಸಲ ಇಳಿಜಾರನ್ನೆಲ್ಲ ಸುತ್ತಿದ. ನಿಜವಾಗಿಯೂ ಇರಲಿಲ್ಲ. ಆಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ಪೂಜಾರಿ ಸೋತಿದ್ದ! ಮನೆಗೆ ಬಂದವನೇ ಹೆಂಡತಿಗೆ ಹೋಳಿಗೆ ಮಾಡಲು ಹೇಳಿದ. ಒಂದು ಗೇಣು ನೆಲವೂ ಕೈಬಿಡಲಿಲ್ಲ ನೋಡು ಎಂದು ಊಟದ ಉದ್ದಕ್ಕೂ ಹೇಳಿದ. ಅವಳು ಬಡಿಸಿದಳು.

ಆ ತಿಂಗಳ ಕೊನೆಗೆ ಪೂಜಾರಿ ಗುಡ್ಡ ಹತ್ತಿ ಬಂದ. ರೈತ ಅಂಗಳದಲ್ಲಿ ನಿಂತು ಅವನು ಬರುವುದನ್ನು ನೋಡಿದ. ಬೆಳಿಗ್ಗೆ ನಡುಗುಡ್ಡದಲ್ಲಿ ಕಂಡವನು ಇಳಿಜಾರು ಮುಟ್ಟುವಾಗ ಹೊತ್ತು ಮಧ್ಯಾಹ್ನ ದಾಟಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದ, ಕೋಲೂರಿ ಏಳುತ್ತಿದ್ದ. ಎರಡು ಮಂಡಿಯೂ ಊದಿಕೊಂಡಿದ್ದವು. ನಾಟಕ ಎಂದುಕೊಳ್ಳಲು ರೈತ ನೋಡಿದ. ಆಗಲಿಲ್ಲ. ಅಷ್ಟು ಹೊತ್ತು ಯಾರೂ ನಾಟಕ ಆಡಲಾರರು. ಈ ಕಾಲುಗಳು ಹನ್ನೆರಡು ವರ್ಷ ಇಲ್ಲಿಗೆ ಬಂದು ಹೋಗಿರಲಾರವು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಪೂಜಾರಿ ಕೈಮುಗಿದ. "ಗೌಡ, ಕಾಡಲ್ಲಿ ಕೊನೇ ಮರಾನೂ ಬಿತ್ತು. ಹಣ್ಣಿಲ್ಲ ಅಂತ ಮಂಗಟ್ಟೆಗಳೂ ಎದ್ದೋದ್ವು. ನೀನು ಮೇಲೆ ಬೆಳೆಸಿರೋದ್ರಲ್ಲಿ ಒಂದೇ ಒಂದು ಸಸಿ ಕೊಡು. ಕದ್ದಿದ್ದು ಅನ್ನಲ್ಲ. ನೆಲಾನೂ ಕೇಳಲ್ಲ. ಹೊಗೆ ಮುಟ್ಟಿ ಆಣೆ ಮಾಡ್ತೀನಿ ಅನ್ನೋಣ ಅಂದ್ರೆ, ಕೆಂಡಕ್ಕೆ ಹಾಕೋಕೂ ಧೂಪ ಇಲ್ಲ."

ರೈತ ಬರಿದಾದ ಇಳಿಜಾರಿನ ಕಡೆ ನೋಡಿದ.

ಪೂಜಾರಿ ಕಲ್ಲಿನ ಮೇಲೆ ಕುಳಿತು, ಹೆಗಲ ಮೇಲಿನ ವಸ್ತ್ರವನ್ನು ಮೈಗೆ ಸುತ್ತಿಕೊಂಡ. "ನಿನ್ನ ನೆಲ ತಂಪಾಗಿದೆ ಗೌಡ. ನಾನು ಸಣ್ಣವನಿದ್ದಾಗ ನಮ್ಮ ಕಾಡು ಹಿಂಗೇ ಇತ್ತು" ಎಂದ.

ಅಷ್ಟೇ ಮಾತು. ರೈತನಿಗೆ ತನ್ನ ಹಳೆಯ ಪ್ರಶ್ನೆ ನೆನಪಾಯಿತು. ಹತ್ತು ವರ್ಷದ ಹಿಂದೆ ಅವನೇ ಹೆಂಡತಿಯನ್ನು ಕೇಳಿದ್ದ, ಹಕ್ಕಿ ಹಾಕಿದ್ದಾದರೆ ಇಲ್ಲಿ ಮಾತ್ರ ಏಕೆ ಹುಟ್ಟಬೇಕು ಎಂದು. ಹಕ್ಕಿಗಳು ದಾರಿಯುದ್ದಕ್ಕೂ ಬೀಜ ಉಗುಳಿದ್ದವು. ಬುಡದಲ್ಲಿ ಬಿದ್ದವು ಬಿಸಿಲಿಗೆ ಬೆಂದವು, ನಡುಗುಡ್ಡದಲ್ಲಿ ಬಿದ್ದವೂ ಬೆಂದವು. ಕಾಡು ಬಯಸುವ ತಂಪು ಗುಡ್ಡ ಹತ್ತಿ ಅವನ ಇಳಿಜಾರಿಗೆ ಬಂದಿತ್ತು. ಅದರ ಹಿಂದೆಯೇ ಕಾಡೂ ಹೊರಟಿತ್ತು. ಕಾಡಿಗೆ ಕಾಲಿಲ್ಲ, ಹಕ್ಕಿಯ ಕೊಕ್ಕಿನಲ್ಲಿ ಕುಳಿತು ಬಂದಿತ್ತು. ಬದುಕಿಕೊಳ್ಳಲು ಅದಕ್ಕಿದ್ದದ್ದು ಅವನ ಅಷ್ಟು ನೆಲ ಮಾತ್ರ. ಅಲ್ಲಿಗೆ ಬಂದದ್ದನ್ನೆಲ್ಲ ಅವನು ಕಿತ್ತು ನೀರು ಕಾಯಿಸಿದ್ದ.

ಅವನು ಇಳಿಜಾರಿಗೆ ಓಡಿದ. ಎಲ್ಲೋ ಒಂದು ಸಸಿ ತನ್ನ ಕಣ್ಣು ತಪ್ಪಿಸಿರಬಹುದು ಎಂದು ಮಂಡಿಯೂರಿ ಹುಲ್ಲು ಬಿಡಿಸಿ ನೋಡಿದ. ಪೊದೆಯೊಳಗೆ ಕೈ ಹಾಕಿದ, ಬಂಡೆಯ ಸಂದಿಯಲ್ಲಿ ಬೆರಳಾಡಿಸಿದ. ಒಂದೂ ತಪ್ಪಿಸಿಕೊಳ್ಳಬಾರದು ಎಂದು ಹನ್ನೆರಡು ವರ್ಷ ಹುಡುಕಿದವನು, ಒಂದಾದರೂ ತಪ್ಪಿಸಿಕೊಂಡಿರಲಿ ತಾಯಿ ಎಂದು ಅಳುತ್ತ ಹುಡುಕಿದ. ಹೊತ್ತು ಮುಳುಗುವವರೆಗೂ ಹುಡುಕಿದ. ಅವನ ಕೆಲಸ ಅಚ್ಚುಕಟ್ಟಾಗಿತ್ತು. ಒಂದು ಬೇರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ, "ಪಾಪ, ಆ ರೈತನಿಗೆ ದೊಡ್ಡ ಮೋಸವಾಯಿತು" ಎಂದ.

"ಇಲ್ಲಪ್ಪ, ಅವನಿಗೆ ಕೊನೆಯವರೆಗೂ ಯಾರೂ ಮೋಸ ಮಾಡಲಿಲ್ಲ" ಎಂದರು ಗುರುಗಳು.