ಆವಿಗೆ ಮುಂದೆ ಹಾಡಿದ ಮಕ್ಕಳು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಮಗಾ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಈ ಕಡೆ ತಿರುಗಿ ಮಲಕ್ಕೋ, ಕುಂಬಾರರದೇ ಒಂದು ಊರಿತ್ತಂತೆ. ಅಂಗಳದಲ್ಲಿ ಮಡಕೆ, ಜಗಲಿ ಮೇಲೆ ಮಡಕೆ, ಕೋಳಿ ಮೊಟ್ಟೆ ಇಡೋದೂ ಮಡಕೇಲೇ. ಆದ್ರೆ ಆ ಊರಲ್ಲಿ ಯಾರೂ ಗಟ್ಟಿಯಾಗಿ ಮಾತಾಡ್ತಿರಲಿಲ್ಲವಂತೆ. ಯಾಕೆ ಅಂತೀಯಾ? ಹಸಿ ಮಡಕೆ ಜೋಡಿಸಿ, ಸೌದೆ ಹುಲ್ಲು ಒಟ್ಟಿ, ಮೇಲೆ ಮಣ್ಣು ಮೆತ್ತಿ ಸುಡ್ತಾರಲ್ಲ, ಆ ಗೂಡಿಗೆ ಆವಿಗೆ ಅಂತಾರೆ. ಇವತ್ತು ಬೆಂಕಿ ಕೊಟ್ಟರೆ ನಾಳೆ ದನ ಮನೆಗೆ ಬರೋ ಹೊತ್ತಿಗೆ ಬಿಚ್ಚೋದು. ಬಿಚ್ಚೋವಾಗ ಮನುಷ್ಯರ ದನಿ ತಾಗಿದ್ರೆ ಮಡಕೆ ಬಿರುಕು ಬಿಡುತ್ತೆ ಅಂತ ಅವರ ನಂಬಿಕೆ. ದಿನಾ ಯಾರದಾದ್ರೂ ಒಂದು ಆವಿಗೆ ಇದ್ದೇ ಇರುತ್ತಲ್ಲ, ಹಂಗಾಗಿ ಆ ಊರ ಕೂಸುಗಳಿಗೆ ಶ್ ಅನ್ನೋದೇ ಜೋಗುಳವಂತೆ.

ಊರಿನ ಯಜಮಾನ ಸಿದ್ದಶೆಟ್ಟಿ ಅಂತ, ಮಹಾ ಅನುಮಾನದ ಮನುಷ್ಯ. ಹೆಂಡತಿ ಒಂದು ಸೌಟು ಸಾರು ಜಾಸ್ತಿ ಬಡಿಸಿದ್ರೂ ಇದ್ಯಾಕೆ ಬಡಿಸಿದ್ಲು ಅಂತ ಯೋಚನೆ ಮಾಡೋನಂತೆ. ಅವನಿಗೊಬ್ಬಳು ಮೊಮ್ಮಗಳು, ಚಿಕ್ಕತಾಯಿ. ಎಂಟು ವರ್ಷ ತುಂಬಿದ್ರೂ ತನ್ನ ದನಿ ಹೆಂಗಿದೆ ಅಂತ ಆ ಮಗೂಗೇ ಗೊತ್ತಿರಲಿಲ್ಲ, ಪಾಪ.

ಆಮೇಲೆ ಆ ಊರ ಸಾಲೆಗೆ ರಾಜರು ಹಾಡು ಕಲಿಸೋಕೆ ಒಬ್ಬ ಮೇಷ್ಟ್ರಮ್ಮನ್ನ ಕಳಿಸಿದರಂತೆ, ತುಂಗಮ್ಮ ಅಂತ. ಒಂದು ಕೈಲಿ ಬಟ್ಟೆ ಗಂಟು, ಒಂದು ಕೈಲಿ ತಂಬೂರಿ. ಸಿದ್ದಶೆಟ್ಟಿ ಆ ತಂಬೂರಿ ಬುರುಡೇನ ಮಡಕೆ ಬಡಿದಂಗೆ ಬಡಿದು ನೋಡಿ, ಇದರೊಳಗೆ ಏನಮ್ಮಾ ಇಟ್ಟಿದೀಯಾ ಅಂದನಂತೆ. ಏನೂ ಇಲ್ಲ ಯಜಮಾನ್ರೇ, ಖಾಲಿ ಅಂದ್ಲಂತೆ. ಖಾಲಿ ಬುರುಡೆ ಹೊತ್ಕೊಂಡು ಯಾರಾದ್ರೂ ಇಷ್ಟು ದೂರ ಬರ್ತಾರಾ? ಅಲ್ಲಿಂದಲೇ ಶುರುವಾಯ್ತು ನೋಡು.

ಊಟದ ಹೊತ್ತು ಕಳೆದ ಮೇಲೆ ಹಾಡಿನ ಪಾಠ. ಸಿದ್ದಶೆಟ್ಟಿ ದಿನಾ ಕಿಟಕಿ ಸಂದೀಲಿ ಇಣುಕೋದು. ಮೊದಲನೇ ದಿನ ಮಕ್ಕಳೆಲ್ಲ ಕಣ್ಣು ಮುಚ್ಕೊಂಡು, ಹೊಟ್ಟೆ ಮೇಲೆ ಕೈ ಇಟ್ಕೊಂಡು, ಉದ್ದಕ್ಕೆ ಸಾ ಅಂತಿದ್ವಂತೆ. ಮಕ್ಕಳ ಉಸಿರು ತೆಗೀತಾವ್ಳೆ ಅಂದ. ಎರಡನೇ ದಿನ ತೊಡೆ ತಟ್ಟಿ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಅಂತ ತಾಳ ಹಾಕ್ತಿದ್ವಂತೆ. ಮನೆಮನೆ ಮಡಕೆ ಎಣಿಸೋಕೆ ಕಲಿಸ್ತಾವ್ಳೆ ಅಂದ. ಮೂರನೇ ದಿನ ಒಂದು ಮಗು ಮಾತ್ರ ಹಾಡ್ತಾ ಇತ್ತು. ಹೊಸ ಬಿಂದಿಗೆಗೆ ನೀರು ಸುರಿದಂಗೆ ದನಿ. ಯಾರದಪ್ಪಾ ಇದು ಅಂತ ಇಣುಕಿದ್ರೆ ತನ್ನ ಚಿಕ್ಕತಾಯಿ! ಸಂತೋಷ ಆಗಬೇಕಾಗಿತ್ತು. ಆ ಮುದುಕನಿಗೆ ಹೆದರಿಕೆ ಆಯ್ತಂತೆ. ಇಷ್ಟು ದನಿ ಊರಲ್ಲಿ ಎದ್ದರೆ ಮಡಕೆ ಉಳೀತಾವಾ?

ಸರಿ, ಆಮೇಲೆ ಊರವರನ್ನೆಲ್ಲ ಕರೆದು, ಇನ್ಮೇಲೆ ಹಾಡು ಶುರುವಾಗೋದ್ರೊಳಗೆ ಆವಿಗೆ ಬಿಚ್ಚಿಬಿಡಬೇಕು ಅಂತ ಪಿಸುಗುಟ್ಟಿದನಂತೆ. ಸಂಜೆ ಬಿಚ್ಚಬೇಕಾದ ಆವಿಗೇನ ಮಧ್ಯಾಹ್ನಕ್ಕೆ ಮುಂಚೆ ಬಿಚ್ಚಿದರು. ಒದ್ದೆ ಗೋಣಿ ಕೈಗೆ ಸುತ್ಕೊಂಡು ಒಂದೊಂದೇ ಮಡಕೆ ತೆಗೆದು ಗಾಳಿಗಿಟ್ಟರೆ, ಟಿಣ್ ಟಿಣ್ ಅಂತ ಅರ್ಧಕ್ಕರ್ಧ ಸೀಳಿಹೋದ್ವಂತೆ. ನೋಡಿದ್ರಾ, ನಿನ್ನೆ ಹಾಡಿದ್ದೇ ಇನ್ನೂ ಗಾಳೀಲಿದೆ ಅಂದ ಸಿದ್ದಶೆಟ್ಟಿ. ಎರಡನೇ ಆವಿಗೇನ ಇನ್ನೂ ಮುಂಚೆ, ಬೆಳಿಗ್ಗೆ ಕೋಳಿ ಕೂಗೋವಾಗ್ಲೇ ಬಿಚ್ಚಿದರು. ಮುಕ್ಕಾಲು ಪಾಲು ಹೋಯ್ತು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು, ಸದ್ದಿಲ್ಲದೆ ಅತ್ತರಂತೆ.

ಸಿದ್ದಶೆಟ್ಟಿ ಸಾಲೆಗೆ ಬಂದು, ಗಂಟು ಕಟ್ಟಮ್ಮಾ ತಾಯಿ, ನಾಳೆ ಊರು ಬಿಡು ಅಂದ. ಚಿಕ್ಕತಾಯಿ ಮೇಷ್ಟ್ರಮ್ಮನ ಸೀರೆ ಹಿಡಿದು ಗಟ್ಟಿಯಾಗೇ ಅಳ್ತಾ ಇದ್ದಾಳೆ, ಒಂದು ಸಲ ಸಿಕ್ಕಿದ ದನೀನ ಮತ್ತೆ ಗಂಟಲಿಗೆ ತುಂಬೋದು ಹೆಂಗೆ? ತುಂಗಮ್ಮ ಅಂದ್ಲಂತೆ, ಯಜಮಾನ್ರೇ, ನಾಳೆ ಮೂರನೇ ಆವಿಗೆ ಬಿಚ್ಚೋದಿದೆಯಲ್ಲ, ಬೆಳಿಗ್ಗೆ ಮಕ್ಕಳನ್ನ ಅದರ ಮುಂದೇನೇ ಕೂರಿಸಿ ಹಾಡಿಸ್ತೀನಿ. ಹಾಡು ಮುಗಿಯೋವರೆಗೂ ಯಾರೂ ಮುಟ್ಟಬೇಡಿ. ಆಮೇಲೆ ಒಂದು ಮಡಕೆ ಬಿರುಕು ಬಿಟ್ಟಿದ್ರೂ ನಾನೇ ಹೋಗ್ತೀನಿ.

ಮಾರನೇ ದಿನ ಮಕ್ಕಳು ಕೂತು ಒಂದು ಹಾಡು ಹಾಡಿದ್ವು. ಆಯ್ತು ಅಂದ್ಲು ತುಂಗಮ್ಮ. ಸಿದ್ದಶೆಟ್ಟಿಗೆ ಅನುಮಾನ. ಇಷ್ಟೇನಾ? ಆಮೇಲೆ ಪೂರಾ ಹಾಡಿಸಲಿಲ್ಲ ಅಂತ ನೆಪ ತೆಗೀತೀಯ, ಇನ್ನೊಂದು ಹಾಡಿಸು ಅಂದ. ಇನ್ನೊಂದಾಯ್ತು. ಬಚ್ಚಿಟ್ಟಿದ್ದು ಇನ್ನೂ ಇರಬೇಕು, ಅದನ್ನೂ ಹಾಡಿಸು ಅಂದ. ಮಗ್ಗಿ ಹಾಡಿದ್ವು, ಮಳೆ ಹಾಡಿದ್ವು, ಕೊನೆಗೆ ಹಾಡೆಲ್ಲ ಖಾಲಿಯಾದ್ಮೇಲೆ ಮೊದಲಿಂದ ಇನ್ನೊಂದ್ಸಲ ಅಂದನಂತೆ. ಹೆಂಗಸರು ಮಕ್ಕಳಿಗೆ ಮಜ್ಜಿಗೆ ತಂದುಕೊಟ್ಟು ಅಲ್ಲೇ ಕೂತರು, ತಲೆ ತೂಗಿದರು. ನೋಡ್ತಾ ನೋಡ್ತಾ ದನ ಮನೆಗೆ ಬಂದ್ವು.

ಇನ್ನು ಸಾಕು, ಬಿಚ್ಚೋಣ ಅಂತ ಸಿದ್ದಶೆಟ್ಟಿ ಗೋಣಿ ಒದ್ದೆ ಮಾಡ್ಕೊಂಡು ಬರೋದ್ರೊಳಗೆ, ಚಿಕ್ಕತಾಯಿ ಮೇಲಿನ ಮಣ್ಣು ಸರಿಸಿ ಒಂದು ಮಡಕೆ ತೆಗೆದು ಎದೆಗೆ ಅವುಚ್ಕೊಂಡೇಬಿಟ್ಟಿದ್ದಳಂತೆ. ಬಡಿದರೆ ಠಣ್ ಅಂತು. ಎರಡನೇದೂ ಠಣ್, ಮೂರನೇದೂ ಠಣ್. ಒಂದಕ್ಕೂ ಬಿರುಕಿಲ್ಲ. ಊರೆಲ್ಲ ನೋಡ್ತಿದ್ರೆ, ಆ ಮಗು ಎಲ್ಲರಿಗೂ ಕೇಳೋ ಹಂಗೆ ಅಂತಂತೆ:

ಅಜ್ಜಾ, ಇವತ್ತು ನನ್ನ ಕೈಯೇ ಸುಡ್ತಿಲ್ಲ. ಮೊನ್ನೆ ಗೋಣಿ ಸುತ್ತಿದ್ರೂ ನಿನ್ನ ಕೈಗೆ ಯಾಕೆ ಬೊಬ್ಬೆ ಬಂತು?

ಸಿದ್ದಶೆಟ್ಟಿ ತನ್ನ ಅಂಗೈ ನೋಡ್ಕೊಂಡನಂತೆ. ಕೆಂಡದಂಥ ಮಡಕೇನ ತಣ್ಣನೆ ಗಾಳಿಗೆ ಇಟ್ಟೋನು ತಾನೇ. ಬೇರೆ ಯಾರ ಮೇಲೆ ಅನುಮಾನ ಪಡೋದು? ಮೇಷ್ಟ್ರಮ್ಮ ಜಗಲಿ ಮೇಲೆ ಕಟ್ಟಿಟ್ಟಿದ್ದ ಗಂಟು ಎತ್ಕೊಂಡು ಹೋಗಿ, ವಾಪಸ್ ಸಾಲೆ ಒಳಗೇ ಇಟ್ಟನಂತೆ. ಹೋಗೋವಾಗ ತಂಬೂರಿ ಬುರುಡೇನ ಮಾತ್ರ ಇನ್ನೊಂದ್ಸಲ ಬಡಿದು ನೋಡಿದನಂತೆ, ಹುಟ್ಟು ಗುಣ.

ಅವತ್ತಿಂದ ಆ ಊರಲ್ಲಿ ಮಕ್ಕಳು ಎಲ್ಲಾ ಹಾಡೂ ಹಾಡಿ ಮುಗಿಸೋವರೆಗೂ ಯಾರೂ ಆವಿಗೆ ಬಿಚ್ಚಲ್ವಂತೆ. ಚಿಕ್ಕತಾಯಿ ದನಿ ಮೂರು ಊರಿಗೆ ಕೇಳ್ತಿತ್ತಂತೆ.

ಏನಂದೆ? ತುಂಗಮ್ಮಂಗೆ ಇದೆಲ್ಲ ಮೊದಲೇ ಗೊತ್ತಿತ್ತಾ ಅಂತಲಾ? ನೀನೂ ಸಿದ್ದಶೆಟ್ಟಿ ಆಗಬೇಡ, ಕಣ್ಣು ಮುಚ್ಚು. ಆವಿಗೆನೂ ಆರಿತು, ಕತೆನೂ ಮುಗಿದುಹೋಯ್ತು.