ಗಿರಣಿಯ ಮರಿ ಪಾರಿವಾಳ

ಅಕ್ಕಿ ಗಿರಣಿಯೊಂದರಲ್ಲಿ ಹುಟ್ಟಿದ ಪಾರಿವಾಳದ ಮರಿಗಳು ನೆಲಕ್ಕೆ ಚೆಲ್ಲಿದ ನುಚ್ಚನ್ನು ದಿನವಿಡೀ ತಿಂದು, ನಡೆದೇ ಓಡಾಡುತ್ತಿದ್ದವು. ರೆಕ್ಕೆ ಬಿಚ್ಚುವ ಅಗತ್ಯವೇ ಅವಕ್ಕೆ ಬಿದ್ದಿರಲಿಲ್ಲ. ಒಂದು ದಿನ ಅವುಗಳಲ್ಲೇ ದಪ್ಪಗಿದ್ದ ಮರಿಯೊಂದು ಮೂಟೆಯ ಮೇಲಕ್ಕೆ ಹಾರಲು ಹೋಗಿ ಧೊಪ್ಪನೆ ಬಿತ್ತು. ಉಳಿದವು ನಕ್ಕವು.

ಗಿರಣಿಯ ಬೆಕ್ಕು ಮಾತ್ರ ನಗಲಿಲ್ಲ. ಹತ್ತಿರ ಬಂದು, "ಮಗೂ, ಈ ಮೈಗೆ ಹಾರಾಟ ಒಗ್ಗುವುದಿಲ್ಲ. ಕಾಳು ಕಾಲ ಬಳಿಯೇ ಇರುವಾಗ ಯಾಕೆ ದಣಿಯುತ್ತೀಯೆ? ತಿನ್ನು, ಮಲಗು" ಎಂದಿತು.

ಮರಿ ಏದುಸಿರು ಬಿಡುತ್ತಲೇ ಕೇಳಿತು: "ನನ್ನ ಅಮ್ಮನಿಗೂ ಇಲ್ಲದ ಮರುಕ ನಿನಗೇಕೆ?"

ಬೆಕ್ಕು ತುಟಿ ಸವರಿಕೊಂಡಿತು.

"ಗೊತ್ತಾಯಿತು. ಹಾಗಾದರೆ ನಾನು ಹಾರಿಯೇ ತೀರುತ್ತೇನೆ" ಎಂದಿತು ಮರಿ.

ಅಂದಿನಿಂದ ಅದು ದಿನವೂ ಹಾರಲು ನೋಡಿತು, ದಿನವೂ ಬಿತ್ತು. ರೆಕ್ಕೆಯ ಬುಡ ನೋಯುತ್ತಿದ್ದರೂ ಬಿಡಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಮೂಟೆ ಎಟುಕಿತು. ಮರಿ ಇನ್ನಷ್ಟು ಕೊಬ್ಬಲೆಂದು ಕಾದಿದ್ದ ಬೆಕ್ಕು, ಇನ್ನು ತಡಮಾಡಿದರೆ ತುತ್ತು ತಪ್ಪೀತೆಂದು ಒಂದು ಬೆಳಿಗ್ಗೆ ಅದರ ಮೇಲೆ ಎಗರಿತು. ಮರಿ ಜೀವ ಬಿಗಿಹಿಡಿದು ಹಾರಿತು. ಮೂಟೆ ದಾಟಿ, ಮಾಡಿನ ತೊಲೆಯ ಮೇಲೆ ಹೋಗಿ ಕುಳಿತಿತು. ಬೆಕ್ಕಿನ ಪಂಜದಲ್ಲಿ ಬಾಲದ ಒಂದು ಗರಿಯಷ್ಟೇ ಉಳಿಯಿತು.

ಬೆಕ್ಕು ಏನೂ ಆಗಿಲ್ಲವೆಂಬಂತೆ ತಲೆಯೆತ್ತಿ, "ಇಳಿದು ಬಾ ಮಗೂ, ಹೊಸ ನುಚ್ಚು ಬಿದ್ದಿದೆ" ಎಂದು ಕರೆಯಿತು.

"ಬರುತ್ತೇನೆ, ಹಸಿವಾದಾಗ ಬಂದು ತಿನ್ನುತ್ತೇನೆ" ಎಂದಿತು ಮರಿ. "ಆದರೆ ಇನ್ನು ನೀನು ಸಮೀಪಿಸುವ ಮೊದಲೇ ನಾನು ಮೇಲಿರುತ್ತೇನೆ. ನಾಳೆಯಿಂದ ಕೆಳಗಿರುವ ಉಳಿದ ಮರಿಗಳಿಗೂ ಹಾರಲು ಕಲಿಸುತ್ತೇನೆ. ತಡೆಯುವುದಾದರೆ ತಡೆ!"